ಸೇವೆಯಲ್ಲಿ ಸಹಭಾಗಿತ್ವ

(ನಮ್ಮ ಶಾಲೆಯ ಶತಮಾನೋತ್ಸವದ ಅಂಗವಾಗಿ, ಗೋವಾದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ವಾಸ್ಕೋದಲ್ಲಿ ಏರ್ಪಡಿಸಿದ್ದ ಸ್ನೇಹಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾವು ಕಲಿತ ಕನ್ನಡ ಶಾಲೆಗೆ ನೂರು ವರ್ಷ ತುಂಬಿದ ಸಂಭ್ರಮವನ್ನು ಹುಟ್ಟೂರಿನಿಂದ ಇಷ್ಟು ದೂರದ ಬಂದರು ಪಟ್ಟಣದಲ್ಲಿ ಆಚರಿಸುವ ಭಾಗ್ಯ ನಮ್ಮದಾಗಿದೆ. ಶಾಲೆಯ ನೆನಪುಗಳನ್ನು ಹೇಳುವವರು ಹಲವರಿದ್ದಾರೆ. ತಾವು ಇಂದು ಈ ಊರಿನಲ್ಲಿ ತೊಡಗಿಕೊಂಡಿರುವ ಕಾರ್ಯವೊಂದರ ಕುರಿತು ಮಾತನಾಡಬೇಕು ಎಂದು ಸಮಿತಿಯವರು ನನಗೆ ಸೂಚಿಸಿದರು. ಅದರಂತೆ, ನಮ್ಮ ಧರ್ಮಕೇಂದ್ರದ ಗುರುಗಳು ಬರುವ ವರ್ಷಕ್ಕಾಗಿ ರೂಪಿಸಿರುವ ಸಹಭಾಗಿತ್ವದ ಸೇವೆಯ ಯೋಜನೆಯನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಈ ಸಭೆಯಲ್ಲಿ ಹಲವು ಮತಗಳ ಬಂಧುಗಳು ಸೇರಿದ್ದೀರಿ. ಚರ್ಚಿನ ಒಳಗಿನ ವ್ಯವಸ್ಥೆಯ ಮಾತು ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಗುಡಿಯ ಕಮಿಟಿಯಲ್ಲಿ, ಮಸೀದಿಯ ಜಮಾತಿನಲ್ಲಿ, ಕನ್ನಡ ಸಂಘದಲ್ಲಿ, ಶಾಲೆಯ ಪಾಲಕರ ಸಂಘದಲ್ಲಿ ಎದುರಾಗುವ ಪ್ರಶ್ನೆಯೂ ಇದೇ ಆಗಿದೆ. ಒಬ್ಬರ ತಲೆಯ ಮೇಲಿರುವ ಹೊಣೆಯನ್ನು ಹಲವರು ಹೊರುವುದು ಹೇಗೆ? ಹೊತ್ತವರಿಗೆ ಅದರಲ್ಲಿ ಎಷ್ಟು ಮಾತಿರಬೇಕು? ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಶಾಲೆಯಲ್ಲಿ ಕೆಲಸ ಮಾಡಿರುವ ನನಗೆ ಈ ಪ್ರಶ್ನೆ ದಿನನಿತ್ಯದ್ದು.

ಮೊದಲು ಯೋಜನೆಯನ್ನು ಸರಳವಾಗಿ ಹೇಳುತ್ತೇನೆ. ಗೋವಾ ಮತ್ತು ದಮನ್ ಮಹಾಧರ್ಮಕ್ಷೇತ್ರದಲ್ಲಿ ಪಾಲನಾ ವರ್ಷವು ಜೂನ್ 1ರಂದು ಆರಂಭವಾಗಿ ಮರುವರ್ಷದ ಮೇ 31ಕ್ಕೆ ಮುಗಿಯುತ್ತದೆ. ನಮ್ಮ ಕಾಲದ ಶಾಲೆಗಳಂತೆ ಅಲ್ಲಿಯೂ ಹೊಸ ವರ್ಷ ಮಳೆಯೊಡನೆಯೇ ಬರುತ್ತದೆ. ಈ ವರ್ಷದ ಆರಂಭಕ್ಕೆ ಮುನ್ನವೇ ಗುರುಗಳು ಕನ್ನಡ ಕುಟುಂಬಗಳನ್ನು ಕರೆದು ನಾಲ್ಕು ಅಂಶಗಳನ್ನು ಮುಂದಿಟ್ಟರು. ಒಂದನೆಯದು, ಕನ್ನಡದವರು ವಾಸಿಸುವ ಬಡಾವಣೆಗಳಲ್ಲಿ ಪ್ರತಿ ಹದಿನೈದು ಮನೆಗಳಿಗೆ ಒಬ್ಬ ಮಹಿಳೆ ಮತ್ತು ಒಬ್ಬ ಪುರುಷ ಹೊಣೆಗಾರರಾಗಿ ಆಯ್ಕೆಯಾಗಬೇಕು. ಎರಡನೆಯದು, ಕಾಯಿಲೆಯವರ ಮತ್ತು ಸಾವಿನ ಮನೆಯವರ ಭೇಟಿಯನ್ನು ಅವರ ಭಾಷೆ ಬಲ್ಲವರೇ ಸರದಿಯ ಮೇಲೆ ನಡೆಸಬೇಕು. ಮೂರನೆಯದು, ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಕನ್ನಡದವರೂ ಕುಳಿತುಕೊಳ್ಳಬೇಕು. ಆದಾಯ ವೆಚ್ಚಗಳ ಲೆಕ್ಕವನ್ನು ಕೊಂಕಣಿಯ ಜೊತೆಗೆ ಕನ್ನಡದಲ್ಲಿಯೂ ಹಲಗೆಯ ಮೇಲೆ ಹಾಕಬೇಕು. ನಾಲ್ಕನೆಯದು, ಸಭಾಭವನದಲ್ಲಿ ಸಂಜೆಯ ಹೊತ್ತು ಎಲ್ಲ ಮತಗಳ ಮಕ್ಕಳಿಗೂ ಓದಿಗೆ ಅವಕಾಶವಿರಬೇಕು.

ಗುರುಗಳ ಹೊಣೆಯಲ್ಲಿ ಹಂಚಿಕೊಳ್ಳಲಾಗದ ಭಾಗವೂ ಇದೆ. ದಿವ್ಯಬಲಿಪೂಜೆಯನ್ನು ಅರ್ಪಿಸುವುದು, ಪಾಪನಿವೇದನೆಯನ್ನು ಕೇಳಿ ಕ್ಷಮಾದಾನ ಮಾಡುವುದು ಗುರುದೀಕ್ಷೆ ಪಡೆದವರಿಗಷ್ಟೇ ಮೀಸಲು. ಆದರೆ ಮಕ್ಕಳಿಗೆ ಧರ್ಮೋಪದೇಶ ಮಾಡುವುದು, ನೊಂದವರ ಮನೆಗೆ ಹೋಗುವುದು, ಜಗಳವಾಡಿದವರನ್ನು ಕೂರಿಸಿ ಮಾತನಾಡಿಸುವುದು, ಬಡವರ ಅಗತ್ಯವನ್ನು ಅರಿಯುವುದು, ಲೆಕ್ಕ ನೋಡುವುದು, ಹೊಸದಾಗಿ ಬಂದವರನ್ನು ಗುರುತಿಸಿ ಒಳಕರೆಯುವುದು, ಇವೆಲ್ಲವೂ ಎಲ್ಲರೂ ಮಾಡಬಹುದಾದ, ಮಾಡಬೇಕಾದ ಕಾರ್ಯಗಳು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಈ ಸೇವೆಯಲ್ಲಿ ಪಾಲಿದೆ ಎಂಬುದು ಧರ್ಮಸಭೆಯ ಬೋಧನೆ. ಗುರುಗಳಿಗೆ ಬಿಡುವಿಲ್ಲದ ಕಾರಣ ನಾವು ಕೈಜೋಡಿಸುತ್ತೇವೆ ಎಂಬ ಭಾವನೆ ಸಾಲದು. ಅವರಿಗೆ ಬೇಕಾದಷ್ಟು ಬಿಡುವಿದ್ದರೂ ನಮ್ಮ ಪಾಲು ನಮ್ಮದೇ ಆಗಿರುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ನಾವು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಕೆಲಸ ಹಂಚುವುದು ಬೇರೆ, ಹೊಣೆ ಹಂಚುವುದು ಬೇರೆ. ತರಗತಿಯಲ್ಲಿ ಒಬ್ಬ ಹುಡುಗನಿಗೆ ಕರಿಹಲಗೆ ಒರೆಸು ಎಂದು ಹೇಳಿದರೆ ಅದು ಕೆಲಸ. ಗ್ರಂಥಾಲಯದ ಬೀಗದ ಕೈ ಮತ್ತು ಪುಸ್ತಕಗಳ ಪಟ್ಟಿಯನ್ನು ಅವನ ಕೈಗಿತ್ತು, ಯಾರಿಗೆ ಯಾವ ಪುಸ್ತಕ ಕೊಡಬೇಕೆಂಬುದನ್ನು ನೀನೇ ನೋಡಿಕೋ, ತಿಂಗಳ ಕೊನೆಗೆ ನನಗೆ ಲೆಕ್ಕ ಒಪ್ಪಿಸು ಎಂದರೆ ಅದು ಹೊಣೆ. ಕರಿಹಲಗೆ ಒರೆಸಿದ ಹುಡುಗ ಗಂಟೆ ಬಾರಿಸಿದ ಕೂಡಲೇ ಅದನ್ನು ಮರೆಯುತ್ತಾನೆ. ಬೀಗದ ಕೈ ಪಡೆದ ಹುಡುಗ ರಜೆಯ ದಿನವೂ ಪುಸ್ತಕಗಳ ಚಿಂತೆ ಮಾಡುತ್ತಾನೆ. ಇದನ್ನು ನಾನು ನೂರಾರು ಮಕ್ಕಳಲ್ಲಿ ಕಂಡಿದ್ದೇನೆ.

ನಮ್ಮ ಹಳ್ಳಿಗಳ ಅನುಭವದಲ್ಲಿಯೇ ಇದಕ್ಕೆ ಎರಡು ಮಾತುಗಳಿವೆ. ಬಿತ್ತನೆ ಅಥವಾ ಕೊಯ್ಲಿನ ಕಾಲದಲ್ಲಿ ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಹೋಗುವುದಕ್ಕೆ ಮುಯ್ಯಾಳು ಎನ್ನುತ್ತೇವೆ. ಯಜಮಾನರು ಕರೆದಾಗ ಕೂಲಿಯೂ ಇಲ್ಲದೆ, ಮಾತೂ ಇಲ್ಲದೆ ದುಡಿಯುವುದಕ್ಕೆ ಬಿಟ್ಟಿ ಎನ್ನುತ್ತೇವೆ. ನೋಡುವವರಿಗೆ ಎರಡೂ ಒಂದೇ ಬಗೆಯ ದುಡಿಮೆ. ಮುಯ್ಯಾಳಿನಲ್ಲಿ ಇಬ್ಬರೂ ಸಮಾನರು, ಬಿಟ್ಟಿಯಲ್ಲಿ ಹಾಗಲ್ಲ. ಚರ್ಚಿನ ಹಬ್ಬಕ್ಕೆ ಚಪ್ಪರ ಹಾಕುವವರು, ಕುರ್ಚಿ ಹೊರುವವರು, ಮರುದಿನ ಅಂಗಳ ಗುಡಿಸುವವರು ಯಾರು, ಹಬ್ಬ ಹೇಗೆ ನಡೆಯಬೇಕೆಂದು ತೀರ್ಮಾನಿಸುವವರು ಯಾರು ಎಂದು ಒಮ್ಮೆ ಕೇಳಿಕೊಳ್ಳಿ. ಮೊದಲ ಪಟ್ಟಿಯಲ್ಲಿ ನಮ್ಮ ಜನರ ಹೆಸರು ಯಾವಾಗಲೂ ಇದೆ. ಎರಡನೆಯ ಪಟ್ಟಿಯಲ್ಲಿಯೂ ಅದು ಬರಬೇಕೆಂಬುದೇ ಈ ಯೋಜನೆಯ ಸಾರ.

ಇದು ಹೊಸ ಕಾಲದ ವಿಚಾರವೆಂದು ಯಾರೂ ಭಾವಿಸಬೇಕಾಗಿಲ್ಲ. ವಾಸ್ಕೋದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಸಾಂಕ್ವಾಳವನ್ನು ತಾವೆಲ್ಲ ನೋಡಿದ್ದೀರಿ. ಅಲ್ಲಿ ಹಳೆಯ ಚರ್ಚಿನ ಮುಂಭಾಗದ ಗೋಡೆಯಷ್ಟೇ ಈಗ ಉಳಿದು ನಿಂತಿದೆ. ಆ ಊರಿನ ಮನೆತನದ ಸಂತ ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ತಾಯಿಯ ಊರಾದ ಬಾಣಾವಲಿಯಲ್ಲಿ ಜನಿಸಿದರು. 1681ರಲ್ಲಿ ಅವರನ್ನು ಕೆನರಾಕ್ಕೆ, ಅಂದರೆ ಇಂದಿನ ನಮ್ಮ ಕರ್ನಾಟಕದ ಕರಾವಳಿಗೆ ಕಳುಹಿಸಲಾಯಿತು. ಅದು ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲ. ಪೋರ್ಚುಗೀಸ್ ದೊರೆಯ ಆಶ್ರಯದ ಗುರುಗಳಿಗೂ ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷರಿಗೂ ನಡುವೆ ಅಧಿಕಾರದ ವಿವಾದವೆದ್ದು, ಜನರು ಯಾರ ಮಾತು ಕೇಳಬೇಕೆಂದು ತಿಳಿಯದೆ ಒಡೆದುಹೋಗಿದ್ದರು. ವಾಜ್ ಅವರು ಮಂಗಳೂರು, ಬಸ್ರೂರು, ಕಲ್ಯಾಣಪುರ, ಗಂಗೊಳ್ಳಿಗಳ ನಡುವೆ ಸಂಚರಿಸುತ್ತ, ಮನಸ್ತಾಪಗಳನ್ನು ಶಮನಗೊಳಿಸುತ್ತ, ಭಕ್ತರ ಸಂಘಗಳನ್ನೂ ಚಿಕ್ಕ ಶಾಲೆಗಳನ್ನೂ ಆರಂಭಿಸಿದರು. 1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಮಂಗಳೂರಿನ ಸಮೀಪದ ಮುಡಿಪು ಇಂದಿಗೂ ಅವರ ಹೆಸರಿನ ಯಾತ್ರಾಸ್ಥಳ. ಕನ್ನಡ ನಾಡಿನಿಂದ ಜನರು ದುಡಿಮೆಗಾಗಿ ವಾಸ್ಕೋಗೆ ಬರುವ ಎಷ್ಟೋ ಕಾಲ ಮೊದಲೇ ಇಲ್ಲಿನವರೊಬ್ಬರು ಸೇವೆಗಾಗಿ ಕನ್ನಡ ನಾಡಿಗೆ ಹೋಗಿದ್ದರೆಂಬುದನ್ನು ನಾವು ನೆನೆಯಬೇಕು.

ಅವರ ಕಾರ್ಯದ ನಿಜವಾದ ಪರೀಕ್ಷೆ ನಡೆದದ್ದು ಶ್ರೀಲಂಕಾದಲ್ಲಿ. 1658ರ ಹೊತ್ತಿಗೆ ಆ ದ್ವೀಪದ ಕರಾವಳಿ ಡಚ್ಚರ ವಶವಾಗಿ, ಕ್ಯಾಥೋಲಿಕ ಗುರುಗಳನ್ನು ಹೊರಹಾಕಲಾಗಿತ್ತು. ಸುಮಾರು ಮೂವತ್ತು ವರ್ಷ ಅಲ್ಲಿನ ಭಕ್ತರಿಗೆ ಗುರುಗಳೇ ಇರಲಿಲ್ಲ. 1687ರಲ್ಲಿ ವಾಜ್ ಅವರು ಕೂಲಿಯವನ ವೇಷದಲ್ಲಿ ಅಲ್ಲಿಗೆ ತಲುಪಿದರು. ಜೊತೆಗಿದ್ದವನು ಜುವಾಂವ್ ಎಂಬ ಸೇವಕ. ಹಸಿವು, ಕಾಯಿಲೆ, ಕ್ಯಾಂಡಿಯ ಸೆರೆವಾಸ, ಎಲ್ಲವನ್ನೂ ಆತ ಸಮನಾಗಿ ಹಂಚಿಕೊಂಡನು. ಮುಂದಿನ ಹತ್ತು ವರ್ಷಗಳ ಕಾಲ ಇಡೀ ದ್ವೀಪಕ್ಕೆ ಗುರುಗಳೆಂದರೆ ವಾಜ್ ಒಬ್ಬರೇ. ಒಬ್ಬ ಮನುಷ್ಯ ಎಲ್ಲ ಊರುಗಳಲ್ಲಿಯೂ ಇರಲು ಸಾಧ್ಯವಿಲ್ಲ. ಆದ್ದರಿಂದ ಅವರು ಊರೂರಿನಲ್ಲಿ ಜನಸಾಮಾನ್ಯರನ್ನೇ ಹೊಣೆಗಾರರನ್ನಾಗಿ ನೇಮಿಸಿದರು. ಪ್ರಾರ್ಥನೆ ನಡೆಸಿ ಕಲಿಸುವವರನ್ನು ಅಣ್ಣಾವಿ ಎಂದೂ, ಪ್ರಾರ್ಥನಾಲಯವನ್ನು ನೋಡಿಕೊಂಡು ಜನರನ್ನು ಕೂಡಿಸುವ ಹಿರಿಯರನ್ನು ಮೂಪ್ಪು ಎಂದೂ ಕರೆಯಲಾಗುತ್ತಿತ್ತು. ಅಣ್ಣಾವಿ ಎಂದರೆ ತಮಿಳಿನಲ್ಲಿ ಉಪಾಧ್ಯಾಯ. ಮೂಪ್ಪು ಎಂಬುದು ಕನ್ನಡದ ಮುಪ್ಪು ಎಂಬ ಮಾತಿನ ಬಳಗದ್ದು. ಒಂದು ಊರಿನ ಧರ್ಮಜೀವನವನ್ನು ಒಬ್ಬ ಮೇಷ್ಟರು ಮತ್ತು ಒಬ್ಬ ಹಿರಿಯರು ಹೊತ್ತು ನಿಂತರು. 1711ರ ಜನವರಿ 16ರಂದು ವಾಜ್ ಅವರು ಕ್ಯಾಂಡಿಯಲ್ಲಿ ತೀರಿಕೊಂಡರು. ಡಚ್ಚರ ಆಳ್ವಿಕೆ ಮುಗಿದದ್ದು 1796ರಲ್ಲಿ. ಅಷ್ಟು ದೀರ್ಘಕಾಲ ಅಲ್ಲಿನ ಸಮುದಾಯ ಉಳಿದುಬಂದಿತು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರು ವಾಜ್ ಅವರನ್ನು ಸಂತರೆಂದು ಘೋಷಿಸಿದಾಗ ಲಕ್ಷಾಂತರ ಜನ ಸೇರಿದ್ದರು. ಆ ಜನರ ಪೂರ್ವಜರ ಮನೆಗಳಲ್ಲಿ ದೀಪ ಆರದಂತೆ ಕಾಪಾಡಿದವರಲ್ಲಿ ಹೆಸರೂ ಉಳಿಯದ ಎಷ್ಟೋ ಮಂದಿ ಅಣ್ಣಾವಿಗಳಿದ್ದರು.

ನಮ್ಮ ಕರಾವಳಿಯಲ್ಲಿಯೂ ಇಂತಹುದೇ ಒಂದು ಪದ್ಧತಿ ಬೆಳೆದುಬಂದಿದೆ. ಮಂಗಳೂರು ಕಡೆಯ ಧರ್ಮಕೇಂದ್ರಗಳಲ್ಲಿ ಪ್ರತಿಯೊಂದು ವಾಡೆಗೂ ಒಬ್ಬ ಗುರ್ಕಾರ್ ಇರುತ್ತಾರೆ. ಕನ್ನಡ, ತುಳುಗಳಲ್ಲಿ ಗುರಿಕಾರನೆಂದರೆ ಮುಂದಾಳು. ಯಾರ ಮನೆಯಲ್ಲಿ ಸಾವಾಯಿತು, ಯಾರ ಮನೆಯಲ್ಲಿ ಮನಸ್ತಾಪ ಬಂದಿತು, ಯಾರ ಮಗಳ ಮದುವೆಗೆ ಹಣ ಸಾಲದಾಯಿತು ಎಂಬುದು ಗುರುಗಳಿಗಿಂತ ಮೊದಲು ಗುರ್ಕಾರರಿಗೆ ತಿಳಿಯುತ್ತಿತ್ತು. ನಮ್ಮ ಗುರುಗಳ ಯೋಜನೆಯಲ್ಲಿರುವ ಹದಿನೈದು ಮನೆಗಳ ಹೊಣೆಗಾರರು ಇದೇ ಪರಂಪರೆಯವರು. ಒಂದು ಮುಖ್ಯ ಬದಲಾವಣೆಯೆಂದರೆ ಈಗ ಆ ಸ್ಥಾನದಲ್ಲಿ ಮಹಿಳೆಗೂ ಸಮಪಾಲು ಇದೆ.

ಗೋವಾದ ಚರಿತ್ರೆಯಿಂದ ಒಂದು ಎಚ್ಚರಿಕೆಯನ್ನೂ ನಾವು ಪಡೆಯಬೇಕು. ಇಲ್ಲಿನ ಊರುಗಳಲ್ಲಿ ಗಾಂವ್ಕಾರಿ ಪದ್ಧತಿಯಿತ್ತು. ಊರಿನ ಭೂಮಿಯ ಆದಾಯದಿಂದ ಚರ್ಚಿನ ವೆಚ್ಚ ನಡೆಯುತ್ತಿತ್ತು. ಕೊನ್ಫ್ರಾರಿಯಾ ಎಂಬ ಭಕ್ತಮಂಡಳಿಗಳು ಹಬ್ಬಗಳನ್ನು ನಡೆಸುತ್ತಿದ್ದವು. ಗುರುಗಳಲ್ಲದವರು ಚರ್ಚಿನ ಹೊಣೆ ಹೊತ್ತಿದ್ದರೆಂಬುದು ನಿಜ. ಆದರೆ ಹಲವು ಊರುಗಳಲ್ಲಿ ಆ ಹೊಣೆಯೂ ಅದರ ಗೌರವವೂ ಕೆಲವು ಮನೆತನಗಳಿಗೆ, ಕೆಲವು ಜಾತಿಗಳಿಗೆ ಮಾತ್ರ ಸೀಮಿತವಾಗಿತ್ತು. ಹುಟ್ಟಿನಿಂದ ಬರುವ ಸಹಭಾಗಿತ್ವ ಹೊಸಬರಿಗೆ ಬಾಗಿಲು ತೆರೆಯುವುದಿಲ್ಲ. ನಾವು ಕನ್ನಡಿಗರೂ ಊರಿನಿಂದ ಬರುವಾಗ ಜಾತಿಯ ಗಂಟನ್ನು ಹೊತ್ತೇ ಬಂದಿದ್ದೇವೆ. ಮೊದಲು ಬಂದ ಕುಟುಂಬ, ಸ್ವಂತ ಮನೆ ಕಟ್ಟಿದ ಕುಟುಂಬ, ಕಾಯಂ ನೌಕರಿಯ ಕುಟುಂಬ ಎಂಬ ಹೊಸ ಮೆಟ್ಟಿಲುಗಳೂ ನಮ್ಮಲ್ಲಿ ಹುಟ್ಟಿಕೊಂಡಿವೆ. ಹದಿನೈದು ಮನೆಗಳ ಹೊಣೆಗಾರರನ್ನು ಆರಿಸುವ ದಿನ ಈ ಮೆಟ್ಟಿಲುಗಳು ಅಡ್ಡ ಬರದಂತೆ ನೋಡಿಕೊಳ್ಳಬೇಕು. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಬಸವಣ್ಣನವರಿಂದ ಕಲಿತ ನಾಡಿನವರು ನಾವು.

ಇಪ್ಪತ್ತನೆಯ ಶತಮಾನದಲ್ಲಿ ಈ ಹಳೆಯ ಅನುಭವಗಳಿಗೆ ವಿಧಿಯ ಬಲ ಬಂದಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದಸ್ತಾವೇಜು ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಲತೀನಿನ ಜಾಗದಲ್ಲಿ ಕನ್ನಡ, ಕೊಂಕಣಿಗಳು ಕೇಳಿಬಂದದ್ದು ಅದರ ಫಲ. 1964ರ ನವೆಂಬರ್ 21ರಂದು ಹೊರಬಂದ ಧರ್ಮಸಭೆಯ ಕುರಿತ ದಸ್ತಾವೇಜಿನ ಕರಡಿನಲ್ಲಿ ಅಧಿಕಾರಿಗಳ ಅಧ್ಯಾಯ ಮೊದಲಿತ್ತು. ಮಹಾಸಭೆಯವರು ದೇವಜನರ ಕುರಿತ ಅಧ್ಯಾಯವನ್ನು ಅದಕ್ಕಿಂತ ಮುಂದಕ್ಕೆ ತಂದರು. ಪಾಠಗಳ ಕ್ರಮವನ್ನು ಬದಲಿಸಿದರೆ ಪುಸ್ತಕದ ಅರ್ಥವೇ ಬದಲಾಗುತ್ತದೆಂಬುದನ್ನು ಶಿಕ್ಷಕರಾದ ನಾವು ಬಲ್ಲೆವು. ಮೊದಲು ಜನ, ಆ ಜನರ ನಡುವೆ ಅವರ ಸೇವೆಗಾಗಿ ಗುರುಗಳು ಎಂಬ ಕ್ರಮ ಅಲ್ಲಿ ಸ್ಥಿರವಾಯಿತು.

1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೆಯ ವಿಧಿಯ ಪ್ರಕಾರ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕು. 536ನೆಯ ವಿಧಿಯು ಪಾಲನಾ ಪರಿಷತ್ತಿನ ಕುರಿತದ್ದು. ಆ ಪರಿಷತ್ತಿಗೆ ಸಲಹೆ ನೀಡುವ ಅಧಿಕಾರವಷ್ಟೇ ಇದೆ ಎಂದೂ ಅದೇ ವಿಧಿ ಹೇಳುತ್ತದೆ. ಅಂತಿಮ ತೀರ್ಮಾನ ಗುರುಗಳದೇ. ಹಾಗಿದ್ದಲ್ಲಿ ನಮ್ಮ ಮಾತಿಗೆ ಬೆಲೆಯೇನು ಎಂದು ಕೆಲವರು ಕೇಳಿದ್ದಾರೆ. ಇದು ನ್ಯಾಯವಾದ ಪ್ರಶ್ನೆ. 2021ರಿಂದ 2024ರವರೆಗೆ ಜಗತ್ತಿನಾದ್ಯಂತ ನಡೆದ ಸಿನೊಡ್‌ನಲ್ಲಿಯೂ ಇದೇ ಪ್ರಶ್ನೆ ಎದ್ದಿತು. 2024ರ ಅಕ್ಟೋಬರ್ 26ರಂದು ಅಂಗೀಕಾರವಾದ ಅದರ ಅಂತಿಮ ದಸ್ತಾವೇಜು, ಇಂತಹ ಪರಿಷತ್ತುಗಳು ಕಡ್ಡಾಯವಾಗಬೇಕು, ಹೆಸರಿಗೆ ಮಾತ್ರ ಇರಬಾರದು ಎಂದು ಒತ್ತಾಯಿಸಿದೆ. ಹೊಣೆಯಲ್ಲಿರುವವರು ಜನರಿಗೆ ಲೆಕ್ಕ ಒಪ್ಪಿಸಬೇಕೆಂದೂ ಹೇಳಿದೆ. ಸಲಹೆ ಕೇಳಿದ ಮೇಲೆ ಅದನ್ನು ಏಕೆ ಒಪ್ಪಿದೆವು, ಏಕೆ ಒಪ್ಪಲಿಲ್ಲ ಎಂದು ಹೇಳುವ ಗುರುಗಳ ಮುಂದೆ ಸಲಹೆಗೆ ಬೆಲೆಯಿದೆ. ಕಾರಣ ಹೇಳದೆ ಬದಿಗಿಟ್ಟರೆ ಇಲ್ಲ. ನಮ್ಮ ಗುರುಗಳು ಪ್ರತಿ ಸಭೆಯ ತೀರ್ಮಾನವನ್ನೂ ಅದರ ಕಾರಣವನ್ನೂ ಬರೆದಿಡಿಸುವುದಾಗಿ ಮಾತು ಕೊಟ್ಟಿದ್ದಾರೆ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಂಡ ಮಾತು ಇದು.

ಇನ್ನು ವಾಸ್ಕೋದ ನಮ್ಮ ಸ್ಥಿತಿಯನ್ನು ನೋಡೋಣ. ಮುರಗಾಂವ್ ಬಂದರಿನಿಂದ ಹೊರಟು ಘಟ್ಟ ಹತ್ತಿ ಕ್ಯಾಸಲ್‌ರಾಕ್‌ಗೆ ಸೇರುವ ರೈಲುಮಾರ್ಗ 1888ರಲ್ಲಿ ಆರಂಭವಾಯಿತು. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಅದೇ ದಾರಿಯಲ್ಲಿ ಲೋಂಡಾ, ಧಾರವಾಡ, ಹುಬ್ಬಳ್ಳಿಗಳ ಆಚೆಯಿಂದ ಕನ್ನಡದ ಕುಟುಂಬಗಳು ಬಂದವು. ಬಂದರಿನಲ್ಲಿ, ಕಟ್ಟಡಗಳಲ್ಲಿ, ರಸ್ತೆಗಳಲ್ಲಿ, ಜುವಾರಿನಗರದ ಕಡೆಯ ಕಾರ್ಖಾನೆಗಳಲ್ಲಿ ದುಡಿದವು. ಬೈನಾದಲ್ಲಿ, ಜುವಾರಿನಗರದಲ್ಲಿ ಇಂದಿಗೂ ಸಂಜೆಯ ಹೊತ್ತು ವಿಜಯಪುರ, ಬಾಗಲಕೋಟೆ, ಗದಗಗಳ ಮಾತು ಕೇಳಿಸುತ್ತದೆ. ಅವರಲ್ಲಿ ಬಹುಪಾಲು ಹಿಂದೂಗಳು, ಮುಸ್ಲಿಮರಿದ್ದಾರೆ, ನಮ್ಮಂತಹ ಕ್ರೈಸ್ತರು ಕೆಲವರಿದ್ದೇವೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಚರ್ಚಿನಲ್ಲಿ ಕೊಂಕಣಿ ಮಾತನಾಡುತ್ತ ಬೆಳೆಯುತ್ತವೆ. ಮಕ್ಕಳು ಭಾಷೆಗಳ ನಡುವೆ ಸಲೀಸಾಗಿ ದಾಟುತ್ತವೆ. ಮುದುಕರಿಗೆ ಅದು ಸಾಧ್ಯವಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಹಾಸಿಗೆ ಹಿಡಿದಿದ್ದರು. ರಾಯಚೂರು ಜಿಲ್ಲೆಯ ಮುದಗಲ್ ಕಡೆಯವರು. ಆ ಸೀಮೆಯಲ್ಲಿ ಶತಮಾನಗಳಿಂದ ಕ್ರೈಸ್ತರಿದ್ದಾರೆ. ಗುರುಗಳು ಬಂದು ಪರಮಪ್ರಸಾದ ನೀಡಿದರು, ಕೊಂಕಣಿಯಲ್ಲಿ ಪ್ರಾರ್ಥಿಸಿದರು. ಅಜ್ಜಿ ಕೈಮುಗಿದು ಸುಮ್ಮನಿದ್ದರು. ಅವರು ಹೋದ ಮೇಲೆ, "ತಂಗಿ, ಅವರು ಭಾಳ ಛಲೋ ಮಂದಿ. ಆದರ ನನ್ನ ಮನಸಿನ್ಯಾಗಿಂದು ಯಾರ ಮುಂದ ಹೇಳಲಿ?" ಎಂದು ನನ್ನನ್ನು ಕೇಳಿದರು. ಅವರಿಗೆ ಹೇಳಬೇಕಾಗಿದ್ದುದು ಊರಿನಲ್ಲಿ ಬಿಟ್ಟುಬಂದ ತಂಗಿಯೊಡನೆ ನಿಂತುಹೋಗಿದ್ದ ಮಾತಿನ ಕಥೆ. ಅದನ್ನು ಕೇಳಲು ಗುರುದೀಕ್ಷೆ ಬೇಕಿರಲಿಲ್ಲ. ಅವರ ಮಾತು ಅರ್ಥವಾಗುವ ಒಂದು ಜೀವ ಬೇಕಿತ್ತು. ಆ ಸಂಜೆ ಪಕ್ಕದ ಮನೆಯ ಹೆಣ್ಣುಮಗಳೊಬ್ಬರು, ಬೇರೆ ಮತದವರು, ಅಜ್ಜಿಯ ಬಳಿ ಎರಡು ಗಂಟೆ ಕುಳಿತರು. ಫೋನಿನಲ್ಲಿ ತಂಗಿಯನ್ನು ಹುಡುಕಿಸಿ ಮಾತನಾಡಿಸಿದರು. ಅವರನ್ನು ಯಾರೂ ನೇಮಿಸಿರಲಿಲ್ಲ. ಸಹಭಾಗಿತ್ವದ ಸೇವೆ ಎಂದು ನಾವು ದೊಡ್ಡ ಹೆಸರಿಟ್ಟು ಕರೆಯುತ್ತಿರುವುದು ಇಂತಹ ಕಾರ್ಯವನ್ನೇ. ಅದು ಆಕಸ್ಮಿಕವಾಗಿ ಒಂದು ಮನೆಗೆ ದೊರೆತು ಹತ್ತು ಮನೆಗಳಿಗೆ ತಪ್ಪಿಹೋಗಬಾರದು ಎಂಬುದಕ್ಕಾಗಿಯೇ ಯೋಜನೆ ಬೇಕಾಗಿದೆ.

ಯೋಜನೆಯ ದಾರಿಯಲ್ಲಿರುವ ತೊಡಕುಗಳನ್ನು ಮುಚ್ಚಿಡಬಾರದು. ಮೊದಲನೆಯದು ಸಮಯ. ಬಂದರಿನಲ್ಲಿ ಪಾಳಿಯ ಕೆಲಸ ಮಾಡುವವರಿಗೆ, ದಿನಗೂಲಿಯವರಿಗೆ ಸಂಜೆ ಏಳರ ಸಭೆಗೆ ಬನ್ನಿ ಎಂದರೆ ಅವರು ಬರಲಾರರು. ಬಾರದವರಿಗೆ ಆಸಕ್ತಿಯಿಲ್ಲವೆಂದು ತೀರ್ಮಾನಿಸಿದರೆ ಅದು ಅನ್ಯಾಯ. ಸಭೆಯೇ ಅವರ ಬಿಡುವಿನ ಹೊತ್ತಿಗೆ, ಅವರ ವಠಾರಕ್ಕೆ ಹೋಗಬೇಕು. ಎರಡನೆಯದು, ಎಲ್ಲ ಸಮಿತಿಗಳಲ್ಲಿಯೂ ಅದೇ ಐದಾರು ಮಂದಿ ಕಾಣಿಸಿಕೊಳ್ಳುವುದು. ಅವರು ಉತ್ಸಾಹಿಗಳು, ಆದರೆ ಮೂರು ವರ್ಷಗಳ ಮೇಲೆ ಜಾಗ ಬಿಟ್ಟುಕೊಡುವ ನಿಯಮವಿಲ್ಲದಿದ್ದರೆ ಒಬ್ಬರ ಕೈಯಲ್ಲಿದ್ದ ಅಧಿಕಾರ ಆರು ಮಂದಿಯ ಕೈ ಸೇರಿ ಅಲ್ಲಿಯೇ ನಿಲ್ಲುತ್ತದೆ. ಮೂರನೆಯದು ಮಹಿಳೆಯರ ಸ್ಥಾನ. ಪೂಜೆಯಲ್ಲಿ ವಾಚನ ಮಾಡುವ ಅಧಿಕೃತ ಸೇವೆಯನ್ನು 2021ರ ಜನವರಿಯಲ್ಲಿ ಮಹಿಳೆಯರಿಗೂ ತೆರೆಯಲಾಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಉಪದೇಶಿಯ ಸೇವೆಗೆ ಅಧಿಕೃತ ಸ್ಥಾನ ದೊರೆಯಿತು. ಬಾಗಿಲು ತೆರೆದಿದೆ. ಹೆಂಡತಿ ಸಭೆಗೆ ಹೋದ ಸಂಜೆ ಮನೆಯ ಒಲೆ ಯಾರು ಹೊತ್ತಿಸಬೇಕೆಂಬುದನ್ನು ಇಲ್ಲಿರುವ ಗಂಡಸರು ತೀರ್ಮಾನಿಸಬೇಕು.

ನಾಲ್ಕನೆಯ ತೊಡಕನ್ನು ನಮ್ಮ ಗಾದೆಯೇ ಹೇಳುತ್ತದೆ: ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ. ಎಲ್ಲರ ಹೊಣೆಯೆಂದದ್ದು ಯಾರ ಹೊಣೆಯೂ ಆಗದೆ ಹೋಗಬಹುದು. ಇದಕ್ಕೆ ಪರಿಹಾರ ಈ ಊರಿನಲ್ಲಿಯೇ ಇದೆ. ಪ್ರತಿ ವರ್ಷ ನಾಗಪಂಚಮಿಯ ಮರುದಿನ ಆರಂಭವಾಗುವ ವಾಸ್ಕೋದ ಶ್ರೀ ದಾಮೋದರ ಭಜನಾ ಸಪ್ತಾಹವನ್ನು ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಹುಟ್ಟಿಕೊಂಡಿತೆಂದು ಹೇಳುವ ಈ ಆಚರಣೆಯಲ್ಲಿ 24 ಗಂಟೆಗಳ ಕಾಲ ಭಜನೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಬೇರೆ ಬೇರೆ ಕಸುಬಿನ ಸಮುದಾಯಗಳು ತಮ್ಮ ತಮ್ಮ ಪಾರ್ ಮೆರವಣಿಗೆಗಳನ್ನು ತರುತ್ತವೆ. ಯಾರೊಬ್ಬರೂ ಇಡೀ ದಿನ ಹಾಡುವುದಿಲ್ಲ. ತಮ್ಮ ಸರದಿ ಎಂದು, ಎಷ್ಟು ಹೊತ್ತಿಗೆ ಎಂಬುದು ಪ್ರತಿಯೊಂದು ತಂಡಕ್ಕೂ ಗೊತ್ತು. ಮುಂದಿನವರು ಬಂದು ತಾಳ ಕೈಗೆತ್ತಿಕೊಳ್ಳುವವರೆಗೆ ಹಿಂದಿನವರು ಏಳುವುದಿಲ್ಲ. ನಮ್ಮ ನಾಲ್ಕೂ ಕಾರ್ಯಗಳಿಗೆ ಹೀಗೆ ಹೆಸರು, ದಿನ, ಸರದಿ ನಿಗದಿಯಾಗಬೇಕು. ಮಂಗಳವಾರ ಆಸ್ಪತ್ರೆಗೆ ಹೋಗುವವರು ಯಾರು, ಅವರಿಗೆ ಆಗದಿದ್ದರೆ ಯಾರು ಎಂಬುದು ಕಾಗದದ ಮೇಲೆ ಇರಬೇಕು.

ಸಂಜೆಯ ಓದಿನ ಕುರಿತು ಎರಡು ಮಾತು. ಒಂದೇ ಕೋಣೆಯ ಮನೆಯಲ್ಲಿ ಅಡುಗೆ, ದೂರದರ್ಶನ, ತಂದೆಯ ನಿದ್ದೆ ಇವೆಲ್ಲದರ ನಡುವೆ ಹತ್ತನೆಯ ತರಗತಿಯ ಹುಡುಗಿ ಗಣಿತ ಮಾಡಬೇಕಾಗಿದೆ. ಬೆಳಕಿರುವ ಒಂದು ಮೇಜು, ಸಂದೇಹ ಕೇಳಲು ಒಬ್ಬ ಅಕ್ಕ ಅಥವಾ ಅಣ್ಣ, ಇಷ್ಟಿದ್ದರೆ ಅವಳ ದಾರಿ ಬದಲಾಗುತ್ತದೆ. ಅಲ್ಲಿ ಮತಬೋಧನೆ ಇರುವುದಿಲ್ಲವೆಂದು ಗುರುಗಳು ಎಲ್ಲ ಪಾಲಕರೆದುರು ಸ್ಪಷ್ಟಪಡಿಸಿದ್ದಾರೆ. ಮೇಲ್ವಿಚಾರಣೆಯ ಸಮಿತಿಯಲ್ಲಿ ಇತರ ಮತಗಳ ತಾಯಂದಿರೂ ಇರಬೇಕೆಂಬ ನನ್ನ ಸಲಹೆಯನ್ನು ಅವರು ಒಪ್ಪಿದ್ದಾರೆ. ಈ ಸಭಾಂಗಣದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಿದ್ದೀರಿ, ಲೆಕ್ಕಪರಿಶೋಧಕರಿದ್ದೀರಿ, ದಾದಿಯರಿದ್ದೀರಿ. ವಾರಕ್ಕೆ ಒಂದು ಸಂಜೆ ಕೊಡಿ ಎಂದು ನಾನು ಇಂದೇ ಕೇಳುತ್ತಿದ್ದೇನೆ. ಹೆಸರು ಬರೆದುಕೊಳ್ಳುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ.

ವಂದನೀಯ ಗುರುಗಳಲ್ಲಿ ವಿನಯದಿಂದ ಒಂದು ಪ್ರಾರ್ಥನೆ. ಹೊಣೆ ಪಡೆದವರು ಮೊದಲ ವರ್ಷ ಎಡವುತ್ತಾರೆ. ವಾಚನದಲ್ಲಿ ತಪ್ಪು ಓದುತ್ತಾರೆ, ಲೆಕ್ಕದ ಹಾಳೆಯಲ್ಲಿ ಗೀಚು ಬೀಳುತ್ತದೆ, ಇಬ್ಬರು ಹೊಣೆಗಾರರು ಮಾತು ಬಿಡುತ್ತಾರೆ. ಆಗ ಇದಕ್ಕಿಂತ ನಾನೇ ಮಾಡುವುದು ಸುಲಭ ಎಂದು ಅನಿಸುವುದು ಸಹಜ. ಪ್ರತಿಯೊಬ್ಬ ಮುಖ್ಯೋಪಾಧ್ಯಾಯರಿಗೂ ಹಾಗೆ ಅನಿಸುತ್ತದೆ. ದಯವಿಟ್ಟು ಆಗ ಬೀಗದ ಕೈಯನ್ನು ಮರಳಿ ತೆಗೆದುಕೊಳ್ಳಬೇಡಿ. ಹಾಗೆಯೇ ಧರ್ಮಕೇಂದ್ರದ ಗುರುಗಳಿಗೆ ವರ್ಗಾವಣೆ ಇದ್ದೇ ಇದೆ. ಬೇರೆಯವರು ಬಂದ ದಿನವೂ ಈ ಏರ್ಪಾಡು ನಡೆಯುವಂತೆ ಎಲ್ಲವನ್ನೂ ಬರಹದಲ್ಲಿ, ಜನರ ಕೈಯಲ್ಲಿ ಬಿಟ್ಟುಹೋಗಿ. ಒಂದು ಶಾಲೆ ಚೆನ್ನಾಗಿ ನಡೆಯುತ್ತಿದೆಯೇ ಎಂಬುದು ಮುಖ್ಯೋಪಾಧ್ಯಾಯರು ರಜೆಯಲ್ಲಿರುವ ದಿನ ತಿಳಿಯುತ್ತದೆ. ಧರ್ಮಕೇಂದ್ರಕ್ಕೂ ಇದೇ ಮಾತು ಸಲ್ಲುತ್ತದೆ.

ನನ್ನ ಕನ್ನಡ ಬಂಧುಗಳಲ್ಲಿಯೂ ಒಂದು ಮಾತು. ನಾವು ಇಲ್ಲಿಗೆ ದುಡಿಯಲು ಬಂದವರು, ನಮಗೇಕೆ ಊರ ಉಸಾಬರಿ ಎಂಬ ಮಾತನ್ನು ಬಿಡೋಣ. ಇಲ್ಲಿಯ ಮಣ್ಣಿನಲ್ಲಿ ನಮ್ಮ ಹಿರಿಯರು ಮಲಗಿದ್ದಾರೆ, ಇಲ್ಲಿಯ ಶಾಲೆಗಳಲ್ಲಿ ನಮ್ಮ ಮಕ್ಕಳು ಓದುತ್ತಿದ್ದಾರೆ. ಇಲ್ಲಿನ ಕೊಂಕಣಿ ಬಂಧುಗಳ ಭಾಷೆಯನ್ನು ಕಲಿಯೋಣ, ನಮ್ಮದನ್ನು ಉಳಿಸಿಕೊಳ್ಳೋಣ. ಪರಿಷತ್ತಿನಲ್ಲಿ ಕುಳಿತಾಗ ಕನ್ನಡಿಗರ ಪಾಲನ್ನು ಮಾತ್ರ ಕೇಳದೆ, ಒಡಿಶಾದಿಂದ, ಜಾರ್ಖಂಡದಿಂದ ನಿನ್ನೆಮೊನ್ನೆ ಬಂದವರ ಪರವಾಗಿಯೂ ಮಾತನಾಡೋಣ. ಹೊಸಬರಾಗಿರುವುದು ಎಂತಹುದೆಂದು ನಮಗೆ ಗೊತ್ತಿದೆ.

ನಾವು ಕಲಿತ ಶಾಲೆಯ ನೂರು ವರ್ಷಗಳಲ್ಲಿ ಎಷ್ಟು ಮುಖ್ಯೋಪಾಧ್ಯಾಯರು ಬಂದುಹೋದರೋ! ಯಾರೊಬ್ಬರ ಸೇವಾವಧಿಯೂ ಒಂದು ಶತಮಾನದಷ್ಟು ಉದ್ದವಿರಲಿಲ್ಲ. ಜಾಗ ಕೊಟ್ಟವರು, ಹಂಚು ಹೊದಿಸಿದವರು, ಬಾವಿ ತೋಡಿದವರು, ಸಂಬಳವಿಲ್ಲದ ತಿಂಗಳಲ್ಲಿಯೂ ಪಾಠ ಮಾಡಿದವರು, ಮಗಳನ್ನು ಓದಲು ಕಳುಹಿಸಿದ ಮೊದಲ ತಾಯಿ, ಇವರೆಲ್ಲ ಅದನ್ನು ತಮ್ಮದೆಂದು ಭಾವಿಸಿದ್ದರಿಂದ ಶಾಲೆ ಉಳಿಯಿತು. ಬರುವ ಜೂನ್ 1ರಿಂದ ಆರಂಭವಾಗುವ ವರ್ಷದಲ್ಲಿ ವಾಸ್ಕೋದ ನಮ್ಮ ಧರ್ಮಕೇಂದ್ರದ ಸೇವೆಯೂ ಹಾಗೆಯೇ ಹಲವರ ಸ್ವಂತದ್ದಾಗಲಿ ಎಂದು ಹಾರೈಸುತ್ತೇನೆ.